ಮೊದಲ ಕುರ್ಚಿಯಲ್ಲಿ ಯಾರು ಕೂತರೆಂದರೆ

ಮಾಸ್ತರ್ರೇ,

ನಮ್ಮನ್ನು ಒಂದು ಮಾತೂ ಕೇಳದೆ ನಿಮ್ಮ ಕುರ್ಚಿಯನ್ನು ಬೇರೆಯವರಿಗೆ ಕೊಟ್ಟರು. ಇದು ತಪ್ಪು. ಕ್ಷೇಮ, ಕುಶಲ ಎಂದು ಶುರು ಮಾಡಿದರೆ ನೀವು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಸುಜಾತಾ, ಹೊಟ್ಟ್ಯಾಗ ಇರೋದು ಮೊದ್ಲು ಹೇಳು, ಆರಾಮ ಆಮ್ಯಾಲೆ ಕೇಳುವಂತಿ" ಅನ್ನುತ್ತಿದ್ದಿರಿ. ಅದಕ್ಕೇ ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ. ಹೊಟ್ಟೆಯಲ್ಲಿ ಇದ್ದದ್ದು ಇದೊಂದೇ. ಈಗ ಅದು ಅಲ್ಲಿಲ್ಲ. ಹೇಗೆ ಹೋಯಿತು ಅನ್ನುವುದನ್ನು ನಿಮಗಲ್ಲದೆ ಮತ್ಯಾರಿಗೆ ಬರೆಯಲಿ?

ನಿಮ್ಮ ನೆನಪಿನ ಸಭೆ ನಮ್ಮ ಗೋದಾಮಿನಲ್ಲೇ ನಡೆಯಿತು. ಕೊಟ್ಟೂರಿನ ಆ ಹಳೆಯ ಶೇಂಗಾ ಗೋದಾಮು. ಭಾನುವಾರ ಬಂತೆಂದರೆ ಸುತ್ತಲಿನ ಐದು ತಾಲ್ಲೂಕಿನಿಂದ ಬಸ್ಸು, ರೈಲು ಹಿಡಿದು ಬಂದು ನಿಮ್ಮ ತಂತಿವಾದ್ಯ ತಂಡದ ನಾವು ಎಂಟು ಜನ ನಿಮ್ಮ ಪಕ್ಕದಿಂದ ಅರ್ಧಚಂದ್ರದ ಹಾಗೆ ಕೂರುತ್ತಿದ್ದ ಜಾಗ. ಅವತ್ತೂ ಕುರ್ಚಿಗಳನ್ನು ಹಾಗೇ ಇಟ್ಟಿದ್ದೆವು. ಎಡಗಡೆಯ ಮೊದಲ ಕುರ್ಚಿ ಮಾತ್ರ ಖಾಲಿ. ಗೋದಾಮಿನ ಮಾಲೀಕರಾದ ಚನ್ನಬಸಣ್ಣ ಸಾಹುಕಾರರು ಮಾತಾಡಲು ಎದ್ದರು. ನಿಮ್ಮ ಬಗ್ಗೆ ಒಳ್ಳೆಯ ಮಾತನ್ನೇ ಆಡಿದರು, ಇಲ್ಲ ಅನ್ನಬಾರದು. ಆದರೆ ಕೊನೆಗೆ ಹೀಗೆ ಸೇರಿಸಿದರು:

"ಮಾಸ್ತರ್ ಹ್ವಾದ್ರು ಅಂತ ತಂಡ ನಿಲ್ಲಬಾರ್ದು ನೋಡ್ರಿ. ನಮ್ಮ ಅಳಿಯ ಪ್ರಶಾಂತ ದಾವಣಗೇರ್ಯಾಗ ವಯೋಲಿನ್ ಕಲ್ತಾನ, ಪರೀಕ್ಷಿ ಪಾಸಾಗ್ಯಾನ. ಇವತ್ತಿಂದ ಮೊದಲ್ನೇ ಕುರ್ಚಿ ಅಂವ ನೋಡ್ಕಂತಾನ."

ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತೆ. ಪಕ್ಕದಲ್ಲಿದ್ದ ಬಸವರಾಜ, ಆ ದೊಡ್ಡ ಪಿಟೀಲು ಚೆಲ್ಲೋ ನುಡಿಸುವ ನಮ್ಮ ಬಸ್ಯಾ, "ಶುರುವಾತು" ಅಂತ ಗೊಣಗಿದ್ದು ಕೇಳಿಸಿತು.

"ಸಾಹುಕಾರ್ರ, ಗೋದಾಮು ನಿಮ್ದು. ತಂಡ ನಿಮ್ದಲ್ಲ. ನಮ್ಮನ್ನ ಒಂದು ಮಾತು ಕೇಳಬೇಕಿತ್ತು."

"ಏನವ್ವಾ, ಇಷ್ಟು ವರ್ಷ ಜಾಗ ಕೊಟ್ಟೋನು ಒಂದು ಕುರ್ಚಿ ಕೊಡಾಕ ನಿನ್ನ ಅಪ್ಪಣಿ ತಗೋಬೇಕಾ?"

"ನನ್ನದಲ್ಲ ರೀ, ಎಂಟೂ ಮಂದೀದು. ನಿಮ್ಮ ಓಣಿಯೋರು ಯಾರಾದ್ರೂ ಆ ಕುರ್ಚ್ಯಾಗ ಇದ್ದಿದ್ರ ನೀವು ಹಿಂಗ..."

ಅಷ್ಟರಲ್ಲಿ ನಿಮ್ಮ ಮನೆಯವರು, ನಾವೆಲ್ಲ ಅಮ್ಮ ಅನ್ನುವ ಗೌರಮ್ಮ, ನನ್ನ ವೇಲು ಹಿಡಿದು ಎಳೆದರು. "ಕುಂದ್ರವ್ವ. ಮಣ್ಣು ಇನ್ನೂ ಹಸಿ ಐತಿ." ಕೂತೆ. ಅವರಿಗಾಗಿ ಕೂತೆ, ಸಾಹುಕಾರರಿಗಾಗಿ ಅಲ್ಲ.

ಒಮ್ಮೆ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ಊಟಕ್ಕೆ ಬರುವಾಗ, ಪ್ಯಾಸೆಂಜರ್ ರೈಲಿನಲ್ಲಿ ನಿಮ್ಮ ಕಥೆಯನ್ನು ನೀವೇ ಹೇಳಿದ್ದಿರಿ. ಮೀಸೆ ಸರಿಯಾಗಿ ಮೂಡುವ ಮೊದಲೇ ಹರಪನಹಳ್ಳಿ ಕಡೆಯ ಅರಸೀಕೆರೆ ಬಿಟ್ಟು ಸೈನ್ಯಕ್ಕೆ ಸೇರಿದ್ದು, ಬ್ಯಾಂಡಿನವರು ನಿಮ್ಮ ಬೆರಳುಗಳನ್ನು ನೋಡಿ ಕೈಗೆ ಪಿಟೀಲು ಕೊಟ್ಟದ್ದು, ಐದು ಗೆರೆಗಳ ಮೇಲೆ ಬರೆದ ಸ್ವರವನ್ನು ಕನ್ನಡದಷ್ಟೇ ಸಲೀಸಾಗಿ ಓದಲು ಕಲಿತದ್ದು, ಕೊನೆಗೆ ಬರೀ ತಂತಿವಾದ್ಯಗಳ ಆ ಸಣ್ಣ ತಂಡಕ್ಕೆ ನೀವೇ ಮುಂದಾಳಾದದ್ದು. ನಾನು ಹೆಮ್ಮೆಯಿಂದ ಕೇಳುತ್ತಿದ್ದೆ, ನೀವು ಬಿದಿರಿನ ತಡಿಕೆಯ ಮಾತು ಎತ್ತುವವರೆಗೆ. ದೊಡ್ಡ ಊರಿನ ಯಾವುದೋ ಕ್ಲಬ್ಬಿನಲ್ಲಿ ಶ್ರೀಮಂತರ ಊಟಕ್ಕೆ ನುಡಿಸಲು ಕರೆಯುತ್ತಿದ್ದರಂತೆ, ನಿಮ್ಮನ್ನು ತಡಿಕೆಯ ಹಿಂದೆ ಕೂರಿಸುತ್ತಿದ್ದರಂತೆ. "ನಮ್ಮ ಮಾರಿ ಅವರಿಗೆ ಕಾಣ್ತಿರ್ಲಿಲ್ಲ, ಅವರ ಚಮಚ ನಮಗ ಕೇಳ್ತಿದ್ವು" ಎಂದು ನಕ್ಕಿರಿ.

"ನಗ್ತೀರಲ್ಲ ಮಾಸ್ತರ್ರ! ಎದ್ದು ಬರಬೇಕಿತ್ತು ನೀವು."

"ನನ್ನ ಹಿಂದ ಹತ್ತು ಮಂದಿ ನನ್ನ ಕಮಾನು ನೋಡ್ಕಂಡು ಕುಂತಿದ್ರು. ಅವರನ್ನ ಎಲ್ಲಿ ಬಿಟ್ಟು ಬರ್ಲಿ?"

ನನ್ನ ಚೀಲದ ತುಂಬ ಅವತ್ತು ಕಿರುಹೊತ್ತಗೆಗಳಿದ್ದವು. ಅನ್ಯಾಯ ಕಂಡಲ್ಲಿ ಎದ್ದು ನಡೆ ಎಂದು ಎಲ್ಲವೂ ಹೇಳುತ್ತಿದ್ದವು. ಹಿಂದೆ ಕೂತ ಹತ್ತು ಜನರನ್ನು ಏನು ಮಾಡಬೇಕು ಎಂದು ಒಂದರಲ್ಲೂ ಬರೆದಿರಲಿಲ್ಲ.

ಪಿಂಚಣಿ ಪಡೆದು ನೀವು ಅಮ್ಮನ ತವರಾದ ಕೊಟ್ಟೂರಿಗೆ ಬಂದಾಗ ಜನ ನಿಮ್ಮಿಂದ ಬಯಸಿದ್ದು ಬೇರೆ. ಭಜನೆಗೆ ಪಿಟೀಲು ಹಿಡಿಯಿರಿ ಎಂದರು. ನಾಟಕದವರು ಬಂದರು. ನಿಮಗೆ ಬೇಕಾಗಿದ್ದದ್ದು ಒಂದೇ ಪದ ನಾಲ್ಕು ದಾರಿಯಲ್ಲಿ ನಡೆದು ಕೊನೆಗೆ ಒಂದೇ ಮನೆಗೆ ಬರುವ ಸದ್ದು. ಅರಸೀಕೆರೆಯಲ್ಲಿ ನಿಮ್ಮ ತಾಯಿ ಜೋಳ ಬೀಸುತ್ತ ಹೇಳುತ್ತಿದ್ದ ಪದವನ್ನು ಐದು ಗೆರೆಗಳ ಮೇಲೆ ಬರೆದಿರಿ. ಚೆಲ್ಲೋಗೆ ಬೀಸುಕಲ್ಲಿನ ಸುತ್ತು, ಪಿಟೀಲಿಗಿಂತ ತುಸು ದೊಡ್ಡ ವಿಯೋಲಾಗಳಿಗೆ ಹಿಟ್ಟು ಉದುರುವ ಸದ್ದು, ಮೊದಲ ಪಿಟೀಲುಗಳಿಗೆ ತಾಯಿಯ ದನಿ, ಎರಡನೆಯವಕ್ಕೆ ಅದರ ಮಾರ್ದನಿ. ಮದುವೆಯ ಊಟದ ಹೊತ್ತಿಗೆ ನುಡಿಸಲು ಕರೆಯಲು ಬಂದವರಿಗೆ, "ಉಂಡು ಕೈ ತೊಳ್ಕಂಡ ಮ್ಯಾಲೆ ಕರೀರಿ, ಬರ್ತೀವಿ" ಎನ್ನುತ್ತಿದ್ದಿರಿ. ಉಂಡ ಮೇಲೆ ಯಾರು ಕರೆಯುತ್ತಾರೆ? ಎಲೆ ಅಡಿಕೆ ಹಾಕಿಕೊಂಡು ಮಲಗುತ್ತಾರೆ. ಆದರೂ ನೀವು ಆ ಮಾತು ಬದಲಿಸಲಿಲ್ಲ. ಶಾಲೆಯ ಅಂಗಳ, ಪಂಚಾಯಿತಿ ಕಟ್ಟಡ, ಎಲ್ಲಿ ಜನ ಸುಮ್ಮನೆ ಕೂತು ಕೇಳಿದರೋ ಅಲ್ಲೆಲ್ಲ ನುಡಿಸಿದೆವು.

ನಾನು ಮೊದಲ ಸಲ ಗೋದಾಮಿಗೆ ಬಂದ ದಿನವೇ ನಿಮ್ಮ ಜೊತೆ ಜಗಳ ತೆಗೆದೆ. ಇಟ್ಟಿಗಿಯ ಗ್ರಂಥಾಲಯದಲ್ಲಿ ಕೆಲಸ ಸಿಕ್ಕ ಹೊಸತು. ಅಲ್ಲಿ ಯಾರೂ ಮುಟ್ಟದ ಕಿರುಹೊತ್ತಗೆಗಳನ್ನೆಲ್ಲ ನಾನೇ ಓದಿ ಮುಗಿಸಿದ್ದೆ. "ಮುಂದಾಳು ಯಾಕ ಬೇಕು ರೀ? ಎಲ್ಲರೂ ಸಮ ಅಂದ ಮ್ಯಾಲೆ ಒಬ್ಬರಿಗೇ ಮೊದಲ ಕುರ್ಚಿ ಯಾಕ?" ಎಂದೆ. ನೀವು ಬೈಯಲಿಲ್ಲ. ನನ್ನ ಚೀಲದಿಂದ ಒಂದು ಹೊತ್ತಗೆ ತೆಗೆಸಿದಿರಿ. ಎಲ್ಲರೂ ಸೇರಿ ಒಂದು ಪುಟ ಗಟ್ಟಿಯಾಗಿ ಓದಿ ಎಂದಿರಿ. ಎಲ್ಲರೂ ಅದರ ಮೇಲೆ ಬಗ್ಗಿದೆವು. ಒಬ್ಬರು ಮೊದಲೇ ಹೊರಟರು, ಇಬ್ಬರು ನಡುವೆ ಸೇರಿದರು, ಬಸ್ಯಾ ಎಲ್ಲರೂ ಮುಗಿಸಿದ ಮೇಲೆ ಶುರು ಮಾಡಿದ. ಸಂತೆಯಲ್ಲಿ ಉಳ್ಳಾಗಡ್ಡಿ ಕೂಗಿದ ಹಾಗಾಯಿತು.

"ನಿನ್ನ ಸಮಾನತಿ ಭಾಳ ಗದ್ಲ ಮಾಡತೈತಲ್ಲವ್ವಾ" ಎಂದಿರಿ.

ಆಮೇಲೆ ನೀವು ಎದುರಿಗೆ ಕೂತು, ಗದ್ದ ತುಸು ಎತ್ತಿ, ಮೂಗಿನಿಂದ ಒಂದು ಉಸಿರು ಎಳೆದುಕೊಂಡಿರಿ. ಅದನ್ನು ಬಿಡುವ ಹೊತ್ತಿಗೆ ನಮ್ಮೆಲ್ಲರ ಬಾಯಿಂದ ಮೊದಲ ಅಕ್ಷರ ಒಟ್ಟಿಗೇ ಹೊರಬಿತ್ತು. ಹೇಗೆ ಎಂದು ಯಾರಿಗೂ ತಿಳಿಯಲಿಲ್ಲ.

"ನಾನೇನಾರ ಓದಿದ್ನಾ? ಕೋಲು ಹಿಡಿದ್ನಾ? ಬರೇ ಉಸಿರು ತಗಂಡೆ. ಮೊದಲ ಕುರ್ಚಿ ಕೆಲಸ ಇಷ್ಟ ನೋಡವ್ವಾ. ಎಲ್ಲರಿಗಿಂತ ಮೊದ್ಲು ಉಸಿರಾಡೋದು. ಅದಕ್ಕಿಂತ ಹೆಚ್ಚಿನ ದರ್ಬಾರು ಏನಿಲ್ಲ."

ಅವತ್ತು ಊರಿಗೆ ಹೋಗುವ ರೈಲಿನಲ್ಲಿ ನಿಮ್ಮನ್ನು ಸೋಲಿಸುವ ಮಾತು ಹುಡುಕುತ್ತ ಕೂತಿದ್ದೆ. ಸಿಗಲಿಲ್ಲ. ಮರುವಾರ ಮತ್ತೆ ಬಂದೆ.

ಹರಪನಹಳ್ಳಿಯಲ್ಲಿ ಕರೆಂಟು ಹೋದ ಸಂಜೆ ನಿಮಗೆ ನೆನಪಿರಲೇಬೇಕು. ಅಷ್ಟು ಹೊತ್ತಿಗೆ ನಿಮ್ಮ ಎದೆ ಕೆಟ್ಟಿತ್ತು. ಉಸಿರು ಎಳೆದರೆ ಸುಂಯ್ ಎಂದು ಸದ್ದು. ನಾವು ಎಂಟು ಜನ ನಮಗೇ ಗೊತ್ತಿಲ್ಲದಂತೆ ಅದಕ್ಕೆ ಒಗ್ಗಿಕೊಂಡಿದ್ದೆವು; ನಿಮ್ಮ ಗದ್ದ ನೋಡುವುದನ್ನು ಬಿಟ್ಟು ಆ ಸದ್ದಿಗೆ ಕಾಯುತ್ತಿದ್ದೆವು. ವೇದಿಕೆ ಕತ್ತಲಾಯಿತು. ಯಾರ ಮುಖವೂ ಕಾಣದು. ಸುಂಯ್ ಎಂದಿತು, ಎಂಟು ಕಮಾನುಗಳು ಒಟ್ಟಿಗೇ ಇಳಿದವು. ಸಭೆಯಿಂದ ಯಾರೋ, "ಯಾವಾನ್ಲೇ ಅಂವ ಸೀಟಿ ಹೊಡದಾಂವ?" ಎಂದ. ನಿಮಗೆ ನಗು ತಡೆಯಲಾಗದೆ ಒಂದು ಸಾಲು ಪೂರ್ತಿ ಬಿಟ್ಟಿರಿ. ನಾವು ಬಿಡಲಿಲ್ಲ.

ಅದೇ ಅಭ್ಯಾಸ ನಮ್ಮನ್ನು ಇಂಥ ಜಾಗಕ್ಕೆ ತಂದು ನಿಲ್ಲಿಸುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಪ್ರಶಾಂತ ಬಂದ ಮೊದಲ ಭಾನುವಾರ ನಾನು ಅವನ ಮುಖ ನೋಡಬಾರದು ಎಂದೇ ಬಂದಿದ್ದೆ. ಆದರೆ ಕಿವಿ ಮುಚ್ಚಿಕೊಳ್ಳಲು ಆಗುತ್ತದೆಯೇ? ಅವನು ಶ್ರುತಿ ಮಾಡಿಕೊಂಡು ಒಂದೆರಡು ಸಾಲು ಎಳೆದಾಗಲೇ ಕೈ ಚೆನ್ನಾಗಿದೆ ಎಂದು ತಿಳಿಯಿತು. ನೀವಿದ್ದರೆ ತಲೆದೂಗುತ್ತಿದ್ದಿರಿ. ನೀವು ಬರೆದ ಬೀಸುವ ಪದದ ಹಾಳೆಯನ್ನು ಅವನು ಎದುರಿಗಿಟ್ಟು, "ಹೂಂ, ರೆಡಿ ಏನ್ರಿ?" ಎಂದು ಕಾಲಿನಿಂದ ತಾಳ ತಟ್ಟಿ ಕಮಾನು ಎಳೆದ. ಅವನ ಪಿಟೀಲು ಒಂದೇ ನುಡಿಯಿತು. ನಾವು ಎಂಟೂ ಜನ ಕಮಾನನ್ನು ತಂತಿಯ ಮೇಲಿಟ್ಟುಕೊಂಡು ಹಾಗೇ ಕೂತಿದ್ದೆವು. ಅವನು ಮತ್ತೆ ತಾಳ ತಟ್ಟಿದ. ಮತ್ತೆ ಅವನೊಬ್ಬನೇ.

ನನ್ನ ಎದೆ ಉಬ್ಬಿಹೋಯಿತು ಮಾಸ್ತರ್ರೇ. ಮುಷ್ಕರ! ಯಾರೂ ಹೇಳಿಕೊಡದೆ, ಕರಪತ್ರ ಹಂಚದೆ, ಎಂಟು ಜನ ಒಂದೇ ಮನಸ್ಸಿನಿಂದ! ಬಾಗಿಲಲ್ಲಿ ನಿಂತಿದ್ದ ಸಾಹುಕಾರರಿಗೂ ಹಾಗೇ ಅನ್ನಿಸಿತು. ಮುಖ ಕೆಂಪಾಯಿತು.

"ಗೊತ್ತೈತಿ ನನಗ, ಇದು ಯಾರು ಕಲಿಸಿದ ಪಾಠ ಅಂತ. ಬರೋ ವಾರದಿಂದ ಗೋದಾಮಿಗೆ ಬೀಗ. ಶೇಂಗಾ ಚೀಲ ಇಡಿಸ್ತೀನಿ. ಅವು ಇಟ್ಟಲ್ಲಿ ಸುಮ್ಕ ಕುಂದ್ರತಾವು."

"ಹಾಕ್ರಿ ಬೀಗ! ನಾವೆಲ್ಲ ಒಂದಾಗೀವಿ. ಹೌದಲ್ಲೋ ಬಸ್ಯಾ?"

ಬಸ್ಯಾ ಚೆಲ್ಲೋದ ಹಿಂದೆ ಅರ್ಧ ಅಡಗಿದ್ದ. "ಅಕ್ಕಾ, ಮುಷ್ಕರ ಗಿಷ್ಕರ ಏನಿಲ್ಲ. ನಾನು ಸುಂಯ್ ಅಂತೈತೇನೋ ಅಂತ ಕಾಯ್ಕಂತ ಕುಂತಿದ್ದೆ."

ಆಮೇಲೆ ಮೂರನೆಯ ಕುರ್ಚಿಯಿಂದ "ನಾನೂ" ಎಂದು ಸಣ್ಣ ದನಿ ಬಂತು. ರೇಣುಕಾ. ಕೂಡ್ಲಿಗಿಯ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ, ಇಡೀ ಭಾನುವಾರಕ್ಕೆ ನಾಲ್ಕು ಮಾತು ಖರ್ಚು ಮಾಡುವ ನಮ್ಮ ರೇಣುಕಾ. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ನಾನು ನನ್ನ ಕಮಾನು ನೋಡಿಕೊಂಡೆ. ನಾನು ಕೋಪದಿಂದ ಸುಮ್ಮನಿದ್ದೆನೇ, ಅಥವಾ... ಇಲ್ಲ. ನಾನೂ ಕಾಯುತ್ತಿದ್ದೆ. ಸತ್ತವರು ಉಸಿರಾಡಲಿ ಎಂದು ಎಂಟು ಜನ ಕಮಾನು ಹಿಡಿದು ಕಾಯುತ್ತ ಕೂತಿದ್ದೆವು.

"ಸುಂಯ್ ಅಂದ್ರ ಏನ್ರಿ?" ಎಂದ ಪ್ರಶಾಂತ.

ಬಸ್ಯಾ ನಿಮ್ಮ ಹಾಗೆ ಗದ್ದ ಎತ್ತಿ, ಎದೆ ತುಂಬ ಎಳೆದು, ಮಾಡಿ ತೋರಿಸಿದ. ಎಷ್ಟು ನಿಮ್ಮಂತೆಯೇ ಇತ್ತೆಂದರೆ ಎಲ್ಲರೂ ನಕ್ಕುಬಿಟ್ಟೆವು. ಬಸ್ಯಾನೂ ನಕ್ಕ. ನಗುನಗುತ್ತಲೇ ಚೆಲ್ಲೋದ ಕುತ್ತಿಗೆಗೆ ಹಣೆ ಆನಿಸಿ ಬಿಕ್ಕತೊಡಗಿದ. ನೀವು ಹೋದ ದಿನ ಅವನು ಅತ್ತಿರಲಿಲ್ಲ, ಗೊತ್ತೇ? ಚಾ ತಂದು ಹಂಚುತ್ತಿದ್ದ. ಸಾಹುಕಾರರು ಬಾಗಿಲು ಬಿಟ್ಟು ಒಳಗೆ ಬಂದು ಒಂದು ಮೂಲೆಯಲ್ಲಿ ಕೂತರು.

ಪ್ರಶಾಂತ ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡ. "ಮಾವಾರ, ಇದು ನನ್ನ ಕೈಯಾಗ ಆಗೋದಲ್ಲ. ನಾನು ಒಬ್ನ ನುಡಿಸಿ ಕಲ್ತಾಂವ. ನನ್ನ ಉಸಿರು ನನಗ ಕೇಳಂಗಿಲ್ಲ, ಇವರಿಗೆ ಎಲ್ಲಿ ಕೇಳ್ಬೇಕು? ಕುರ್ಚಿ ಬ್ಯಾಡ. ಇವರ ನಡುವ ಒಂದು ಜಾಗ ಕೊಟ್ರ ಕಲ್ತೇನು."

ಅವನ ಮೇಲೆ ಇಷ್ಟು ದಿನ ಸಾಕಿಕೊಂಡಿದ್ದ ಸಿಟ್ಟನ್ನು ಎಲ್ಲಿ ಇಡಬೇಕೋ ನನಗೆ ತಿಳಿಯಲಿಲ್ಲ.

"ಹಂಗಾರ ಯಾರು ಕುಂದ್ರಬೇಕು? ಈಕಿನಾ?" ಸಾಹುಕಾರರು ನನ್ನ ಕಡೆ ಗದ್ದ ತೋರಿಸಿದರು.

"ಮತ ಹಾಕೋಣು" ಎಂದೆ.

"ಬ್ಯಾಡಕ್ಕಾ" ಎಂದು ಬಸ್ಯಾ ಮೂಗು ಒರೆಸಿಕೊಂಡ. "ಕೈ ಎತ್ತು ಅಂದ್ರ ಎಲ್ಲರೂ ಅವರವರ ಊರೋರಿಗೆ ಎತ್ತತಾರ. ಹಡಗಲಿಯೋರು ಮೂರು ಮಂದಿ ಅದಾರ, ಗೆದ್ದು ಹೂವಿನ ಹಾರನೂ ಅವರ ತರ್ತಾರ."

"ಕಣ್ಣು ಮುಚ್ಚಿ ಕೇಳ್ರಿ" ಎಂದ ಪ್ರಶಾಂತ. "ಒಬ್ಬೊಬ್ರ ಉಸಿರು ತಗೊಳ್ರಿ. ಯಾರ ಉಸಿರಿಗೆ ಎಲ್ಲರೂ ಕೂಡಿ ಬರ್ತೀರೋ ಅವರು."

ಹೊಳೆದದ್ದು ಆಗಲೇ. ಕಿವಿಯಿಂದ ಹಾಕುವ ಮತ! ಯಾವ ಓಣಿ, ಯಾವ ಊರು, ಹೆಣ್ಣೋ ಗಂಡೋ, ಯಾರ ಅಳಿಯನೋ, ಯಾವುದೂ ಕಾಣದ ಮತ. ನಾನು ಓದಿದ ಯಾವ ಹೊತ್ತಗೆಯಲ್ಲೂ ಇಷ್ಟು ಒಳ್ಳೆಯ ಮತದಾನ ಇರಲಿಲ್ಲ. ನೀವಿದ್ದಾಗ ನಾವು ಬೀಸುವ ಪದವನ್ನು ಕಣ್ಣು ಮುಚ್ಚಿಯೇ ನುಡಿಸುವಷ್ಟು ತೀಡಿಸಿದ್ದಿರಿ. ಪ್ರಶಾಂತನೂ ಅದನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಒಬ್ಬರು ಸುತ್ತ ಓಡಾಡಿ ಭುಜ ಮುಟ್ಟಬೇಕು, ಮುಟ್ಟಿಸಿಕೊಂಡವರು ಉಸಿರು ತೆಗೆದುಕೊಳ್ಳಬೇಕು, ಒಂದು ಸಾಲು ನುಡಿಸಿ ನಿಲ್ಲಿಸಬೇಕು. ಮುಟ್ಟುವವರು ಯಾರು? ನುಡಿಸದವರು ಅಲ್ಲಿ ಒಬ್ಬರೇ ಇದ್ದರು. ಸಾಹುಕಾರರು ಚಪ್ಪಲಿ ಬಿಟ್ಟು ಬಂದರು.

ಕಣ್ಣು ಮುಚ್ಚಿದ ಮೇಲೆ ನಾವು ಮಾಡಿದ ತಪ್ಪು ಗೊತ್ತಾಯಿತು. ಎಲ್ಲರೂ ಕುರುಡರಾದ ಆ ಗೋದಾಮಿನಲ್ಲಿ ಕಣ್ಣು ತೆರೆದುಕೊಂಡಿದ್ದವರು ಅವರೊಬ್ಬರೇ. ಅವರು ಯಾರ ಹೆಸರು ಹೇಳಿದರೆ ಅದೇ ಹೆಸರು. ತಂಡವನ್ನು ಉಳಿಸುವ ಉಪಾಯ ಮಾಡಿ, ಅದರ ಕೀಲಿಯನ್ನು ಅವರ ಕೈಗೇ ಕೊಟ್ಟಿದ್ದೆವು. ಈಗ ಕಣ್ಣು ತೆರೆದು "ನಿಲ್ಲಿಸಿ" ಎಂದರೆ ನಿಮ್ಮ ತಂಡ ಅವತ್ತೇ ಮುಗಿಯುತ್ತಿತ್ತು. ಸುಮ್ಮನೆ ಕೂತೆ.

ಮೊದಲನೆಯ ಉಸಿರು ಯಾರದೋ, ಇಬ್ಬರು ಬಂದರು, ಉಳಿದವರು ಅವರನ್ನು ಅಟ್ಟಿಸಿಕೊಂಡು ಓಡಿದರು. ಎರಡನೆಯದು ಯಾರಿಗೂ ಕೇಳಿಸಲೇ ಇಲ್ಲ. ನನ್ನ ಭುಜದ ಮೇಲೆ ಒಂದು ಭಾರದ ಕೈ ಬಿತ್ತು. ನಾನು ಎದೆ ತುಂಬಿಕೊಂಡೆ. ಮೂವರು ನನಗಿಂತ ಮೊದಲೇ ಹಾರಿದರು, ಉಳಿದವರು ಹೆದರಿ ನಿಂತರು.

"ಇದು ಉಸಿರಲ್ಲ, ಭಾಷಣ" ಎಂದ ಬಸ್ಯಾ, ಕಣ್ಣು ಮುಚ್ಚಿಕೊಂಡೇ.

"ಲೇ, ನೋಡಬ್ಯಾಡ!"

"ನೋಡಿಲ್ಲಕ್ಕಾ. ನೋಡೋದು ಏನೈತಿ ಅದ್ರಾಗ?"

ನಗು ಅಡಗಿದ ಮೇಲೆ ಇನ್ನೊಂದು ಉಸಿರು ಬಂತು. ದೊಡ್ಡದಲ್ಲ. ಬಿಸಿ ಅನ್ನದ ಮುಚ್ಚಳ ತೆಗೆಯುವ ಮೊದಲು ಹೆಂಗಸರು ಎಳೆದುಕೊಳ್ಳುತ್ತಾರಲ್ಲ, ಅಷ್ಟೇ. ನನ್ನ ಕಮಾನು ತಾನಾಗಿ ಇಳಿಯಿತು. ಸುತ್ತಲಿನ ಎಲ್ಲ ಕಮಾನುಗಳೂ ಅದೇ ಕ್ಷಣಕ್ಕೆ ಇಳಿದವು. ಬೀಸುಕಲ್ಲು ಸುತ್ತತೊಡಗಿತು. ಒಂದು ಸಾಲಿಗೆ ನಿಲ್ಲಿಸಬೇಕೆಂಬ ಮಾತನ್ನು ಯಾರೂ ನೆನೆಯಲಿಲ್ಲ. ಪದ ಪೂರ್ತಿ ಮುಗಿಯಿತು. ಮುಗಿದ ಮೇಲೂ ಯಾರೂ ಕಣ್ಣು ತೆರೆಯಲಿಲ್ಲ.

"ಯಾರು ರೀ ಅದು?" ಎಂದ ಪ್ರಶಾಂತ.

ಸಾಹುಕಾರರ ಉಸಿರಾಟ ನನಗೆ ಕೇಳುತ್ತಿತ್ತು. ಅವರು ಯಾರ ಹೆಸರನ್ನಾದರೂ ಹೇಳಬಹುದಿತ್ತು. ಬೇಕೆಂದರೆ ಸರಿಯಾಗಿ ನೋಡಲಿಲ್ಲ ಅನ್ನಬಹುದಿತ್ತು. ಆ ಉಸಿರು ತೆಗೆದವರು ಬಾಯಿಬಿಟ್ಟು ಹಕ್ಕು ಕೇಳುವಂಥವರಲ್ಲ ಎಂದೂ ಅವರಿಗೆ ಗೊತ್ತಿತ್ತು.

"ಕೂಡ್ಲಿಗಿ ಟೀಚರ್" ಎಂದರು. ಆಮೇಲೆ ಹೆಸರನ್ನೂ ಹೇಳಿದರು. "ರೇಣುಕಾ. ಮಾಸ್ತರ್ ಇದ್ದಂಗ ಆತು ನನಗ."

ಕಣ್ಣು ತೆರೆದಾಗ ರೇಣುಕಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. "ನಾನು ಬರೇ ಉಸಿರು ತಗಂಡಿದ್ದು ರೀ" ಎಂದಳು, ಕದ್ದು ಸಿಕ್ಕಿಬಿದ್ದವಳ ಹಾಗೆ. ಸಾಹುಕಾರರು ಚಪ್ಪಲಿ ಮೆಟ್ಟಿಕೊಳ್ಳುತ್ತ ನನ್ನ ಹತ್ತಿರ ನಿಂತರು.

"ಕೇಳಬೇಕಿತ್ತು ಅಂದಿದ್ಯಲ್ಲವ್ವಾ. ಕೇಳಿದ್ನಲ್ಲ. ಆತಾ?"

"ಆತು ರೀ."

ಇಷ್ಟೇ ಮಾತು. ಆದರೆ ಅವತ್ತು ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಊರು ಬರುವವರೆಗೆ ಒಂದು ಪುಟವನ್ನೂ ತೆರೆಯಲಿಲ್ಲ. ಅಷ್ಟು ಹಗುರವಾಗಿದ್ದೆ. ನನ್ನ ಹೆಸರು ಬರಲಿಲ್ಲ ಎಂದು ನೋವಾಯಿತೇ? ಹುಡುಕಿ ನೋಡಿದೆ, ಇರಲಿಲ್ಲ. ನೀವು ಹೋದಾಗಿನಿಂದ, ಇನ್ನು ಇವರನ್ನೆಲ್ಲ ನಾನೇ ಹೊರಬೇಕು, ನಾನೇ ಎಲ್ಲರ ಎದುರು ನಿಲ್ಲಬೇಕು ಎಂದು ಹಲ್ಲು ಕಚ್ಚಿಕೊಂಡಿದ್ದೆ. ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಈಗ ನಾನು ಎರಡನೆಯ ಕುರ್ಚಿಯಲ್ಲಿ ಕೂರುತ್ತೇನೆ. ಜಗಳಕ್ಕೆ ಅದು ಒಳ್ಳೆಯ ಜಾಗ; ಮೊದಲ ಕುರ್ಚಿಯವರ ಕಿವಿಗೆ ಹತ್ತಿರ.

ಕೂಡ್ಲಿಗಿಗೆ ನಾವು ಹೋದ ದಿನದ ಸುದ್ದಿ ಹೇಳದಿದ್ದರೆ ಬಸ್ಯಾ ನನ್ನನ್ನು ಬಿಡುವುದಿಲ್ಲ. ಕೊಟ್ಟೂರಿನ ಬಸ್ಸಿನಲ್ಲಿ ಅವನು ಚೆಲ್ಲೋವನ್ನು ಪಕ್ಕದ ಸೀಟಿನಲ್ಲಿ ಕೂರಿಸಿದ್ದ. ಕಂಡಕ್ಟರ್ ಬಂದು, "ಇದಕ್ಕೊಂದು ಟಿಕೆಟ್ ತಗೋ" ಎಂದ.

"ಇದು ಹೆಣ್ಣು ರೀ, ಇದಕ್ಕ ಫ್ರೀ. ನಡಾ ನೋಡ್ರಿ ಬೇಕಾರ."

"ಹಂಗಾರ ಆಧಾರ್ ಕಾರ್ಡ್ ತೋರ್ಸು ಅನ್ನು ಆಕಿಗೆ."

ಬಸ್ಸೆಲ್ಲ ನಕ್ಕಿತು. ರೇಣುಕಾ ಮಾತ್ರ ನಗಲಿಲ್ಲ. ಅವಳ ಶಾಲೆಯ ಅಂಗಳದಲ್ಲೇ ಕಾರ್ಯಕ್ರಮ, ಅವಳ ಮಕ್ಕಳೇ ಮುಂದಿನ ಸಾಲಿನಲ್ಲಿ. ಕುರ್ಚಿಯಲ್ಲಿ ಕೂತವಳು ಉಸಿರು ತೆಗೆದುಕೊಳ್ಳುವುದನ್ನೇ ಮರೆತಳು. ನಾವು ಕಮಾನು ಇಟ್ಟುಕೊಂಡು ಕಾದೆವು. ಈ ಸಲ ಬದುಕಿರುವವರಿಗಾಗಿ ಕಾಯುತ್ತಿದ್ದೆವು, ಅದು ಎಷ್ಟು ಸುಲಭ! ಬೇಕಾದಷ್ಟು ಹೊತ್ತು ಕಾಯಬಹುದಿತ್ತು. ಕೊನೆಗೆ ಅವಳು ನಮ್ಮ ಕಡೆ ತಿರುಗಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಗದ್ದ ಎತ್ತಿದಳು. ಪ್ರಶಾಂತ ಐದನೆಯ ಕುರ್ಚಿಯಲ್ಲಿದ್ದ. ಅವನೂ ಸರಿಯಾಗಿ ಬಂದ.

ಸಾಹುಕಾರರು ಈಗ ಎಲ್ಲದಕ್ಕೂ ನಮ್ಮನ್ನು ಕೇಳುತ್ತಾರೆ, ಸ್ವಲ್ಪ ಅತಿಯಾಗಿಯೇ. "ಕಿಡಕಿ ತೆಗೀಲೇನವ್ವಾ? ಮತ ಹಾಕ್ತೀರೇನು?" ಎನ್ನುತ್ತಾರೆ. ಕುಟುಕುತ್ತಾರೆ ಎಂದು ಗೊತ್ತು. ಆದರೂ ತೆಗೆಯಿರಿ ಎಂದ ಮೇಲೇ ತೆಗೆಯುತ್ತಾರೆ.

ಇನ್ನು, ನೀವು ಕೇಳದೆ ಹೋದ ಸುದ್ದಿ. ಮೊನ್ನೆ ಅಮ್ಮನನ್ನು ನೋಡಲು ಹೋಗಿದ್ದೆ. ಹಡಗಲಿಯವರು ಕರೆದಿದ್ದಾರೆ ಎಂದೆ. ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟು, "ನಾನೂ ಬರ್ಲೇನು?" ಎಂದರು. ನನಗೆ ನಂಬಲಾಗಲಿಲ್ಲ. ಇಷ್ಟು ವರ್ಷ ಒಂದು ಕಾರ್ಯಕ್ರಮಕ್ಕೂ ಬಾರದವರು! ಸಂಗೀತ ಹಿಡಿಸುವುದಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ನೀವೂ ಹಾಗೇ ತಿಳಿದಿದ್ದಿರೇನೋ.

"ನಾನು ಮೊದಲ್ನೇ ದಿನ ಬೀಸಾಕ ಕುಂತಾಗ ನಮ್ಮತ್ತಿ ಕಲಿಸಿದ ಪದವ್ವಾ ಅದು" ಎಂದರು ಅಮ್ಮ. ಅತ್ತೆ ಎಂದರೆ ನಿಮ್ಮ ತಾಯಿ. "ನಮ್ಮತ್ತಿ ಹೇಳಿದ್ದು ನನಗ ಪೂರಾ ಬರತೈತಿ. ಇವರು ಅದನ್ನ ನಾಕು ಪಾಲು ಮಾಡ್ಯಾರ ಅಂತ ಕೇಳಿ ಸಿಟ್ಟು ಬಂದಿತ್ತು. ನನ್ನನ್ನೊಂದು ಮಾತು ಕೇಳ್ಲಿಲ್ಲ ನೋಡು. ಅದಕ್ಕ ಬರ್ಲಿಲ್ಲ."

ಮಾಸ್ತರ್ರೇ, ನೀವೂನಾ? ನಾನು ನಗಬೇಕೋ ನಿಮ್ಮ ಜೊತೆ ಜಗಳ ತೆಗೆಯಬೇಕೋ ತಿಳಿಯದೆ ಅಮ್ಮನ ಮುಖ ನೋಡಿದೆ. ಅವರು ನಗುತ್ತಿದ್ದರು. ಆಮೇಲೆ ಮೊರ ಮತ್ತೆ ಕೈಗೆತ್ತಿಕೊಂಡು, ಬೀಸುವ ಪದವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ನೀವು ಬರೆದದ್ದರಲ್ಲಿ ಇಲ್ಲದ ಒಂದು ಸಾಲು ಕೊನೆಯಲ್ಲಿತ್ತು. ನೀವು ಚಿಕ್ಕವರಿದ್ದಾಗ ಅಷ್ಟು ಹೊತ್ತಿಗೆ ನಿದ್ದೆ ಹೋಗಿರುತ್ತಿದ್ದಿರೇನೋ. "ಇದನ್ನ ನಾವು ಸೇರಿಸಬಹುದೇನಮ್ಮಾ?" ಎಂದು ಕೇಳಿದೆ. "ಕೇಳಿದಿ ಅಂದ ಮ್ಯಾಲೆ ಹೂಂ" ಎಂದರು.

ರೇಣುಕಾ ಆ ಸಾಲನ್ನು ಬರೆದುಕೊಂಡಿದ್ದಾಳೆ. ಈ ವಾರ ಪೂರ್ತಿ ಅವರವರ ಮನೆಯಲ್ಲೇ ಅಭ್ಯಾಸ ನಡೆದಿದೆ. ಅಮ್ಮ ನಮ್ಮ ಜೊತೆ ಬಸ್ಸಿನಲ್ಲಿ ಬರುತ್ತಾರೆ, ಚೆಲ್ಲೋದ ಪಕ್ಕದ ಸೀಟು ಅವರಿಗೆ. ನೀವೂ ಬರ್ರಿ. ಭಾನುವಾರ, ಸಂಜೆ ಐದು ಗಂಟೆಗೆ, ಹಡಗಲಿಯ ಸಮುದಾಯ ಭವನ.